ಅಜ್ಜಿ ಹಾಕಿದ ಬೂದಿಯಲ್ಲ, ಇದು ಬೂದಿ ರೋಗ

ಮಳೆ ನಿಂತು, ಗದ್ದೆ ಕೊಯ್ಲು ಮುಗಿದ ಮೇಲೆ ತೆಕ್ಕಟ್ಟೆ, ಕೋಟ, ಕುಂಭಾಶಿ ಕಡೆಯ ಮನೆಗಳ ಹಿತ್ತಲಿನಲ್ಲಿ ತರಕಾರಿ ಸಾಲುಗಳು ಏಳುತ್ತವೆ. ಒಂದು ಕಡೆ ಬೆಂಡೆ, ಇನ್ನೊಂದು ಕಡೆ ಅಲಸಂಡೆ, ನೆಲದ ಮೇಲೆ ಹಬ್ಬಿದ ಸೌತೆ ಮತ್ತು ಕುಂಬಳ, ಚಪ್ಪರದ ಮೇಲೆ ಹೀರೆ. ಅಲಸಂಡೆಯ ಕುಡಿಗೆ ಕಪ್ಪು ಹೇನು ಹತ್ತಿದರೆ ಒಲೆಯ ಬೂದಿಯನ್ನು ಬೆಳಗಿನ ಇಬ್ಬನಿಯ ಮೇಲೆ ಉದುರಿಸುವುದು ನಮ್ಮ ಅಜ್ಜಿಯರ ಹಳೆಯ ಮದ್ದು. ಹಾಗಾಗಿ ಡಿಸೆಂಬರ್ ತಿಂಗಳಲ್ಲಿ ಬೆಂಡೆಯ ಎಲೆಯ ಮೇಲೂ ಬಿಳಿ ಪುಡಿ ಕಂಡರೆ, ಇದೂ ಅಜ್ಜಿಯದೇ ಕೆಲಸ ಎಂದು ಮಕ್ಕಳು ತಿಳಿದರೆ ಆಶ್ಚರ್ಯವಿಲ್ಲ.

ಪರೀಕ್ಷೆ ಸುಲಭ. ಬೆರಳಿನಿಂದ ಒರೆಸಿ ನೋಡಿ. ಒಲೆಯ ಬೂದಿಯಾದರೆ ಒರೆಸಿದಲ್ಲಿಗೆ ಕತೆ ಮುಗಿಯಿತು. ಬೂದಿ ರೋಗವಾದರೆ ಪುಡಿ ಬೆರಳಿಗೆ ಹತ್ತುತ್ತದೆ ನಿಜ, ಆದರೆ ನಾಲ್ಕೈದು ದಿನಗಳಲ್ಲಿ ಅದೇ ಎಲೆಯಲ್ಲಿ ಮತ್ತೆ ಬೆಳ್ಳಗಿನ ಚುಕ್ಕೆಗಳು ಮೂಡಿ, ಒಂದಕ್ಕೊಂದು ಕೂಡಿಕೊಂಡು ಎಲೆಯನ್ನೇ ಮುಚ್ಚುತ್ತವೆ. ಆಮೇಲೆ ಎಲೆ ಹಳದಿಯಾಗಿ, ಕಂದಾಗಿ, ಒಣಗುತ್ತದೆ. ಎಲೆಯೇ ಗಿಡದ ಅಡುಗೆಮನೆಯಲ್ಲವೇ? ಅಡುಗೆ ನಿಂತರೆ ಕಾಯಿಯೂ ಸಣ್ಣದು, ಸಂಖ್ಯೆಯೂ ಕಡಿಮೆ.

ಇನ್ನು ಎರಡು ಮೋಸಗಳನ್ನು ತಿಳಿದಿರಬೇಕು. ಕುಂಬಳದ ಎಲೆಯಲ್ಲಿ ನರಗಳ ಪಕ್ಕದಲ್ಲಿ ಬೆಳ್ಳಿಯಂಥ ಮಚ್ಚೆಗಳಿರುವುದುಂಟು. ಅವು ಒರೆಸಿದರೆ ಹೋಗುವುದಿಲ್ಲ. ಅದು ರೋಗವಲ್ಲ, ತಳಿಯ ಗುಣ. ಎರಡನೆಯದು, ಎಲೆಯ ಮೇಲೆ ಹಳದಿ ಚೌಕಗಳು, ಅಡಿಯಲ್ಲಿ ಬೂದು ಬಣ್ಣದ ಬೂಷ್ಟು. ಅದು ತೇವವನ್ನು ಬಯಸುವ ಬೇರೆಯೇ ರೋಗ, ಅದರ ಮದ್ದೂ ಬೇರೆ.

ಈಗ ಒಂದು ಪ್ರಶ್ನೆ. ಬೂಷ್ಟು ಎಂದರೆ ಮಳೆಗಾಲದ ವಸ್ತು. ಆಷಾಢದಲ್ಲಿ ಚಪ್ಪಲಿಗೆ, ಪುಸ್ತಕದ ರಟ್ಟಿಗೆ, ಉಪ್ಪಿನಕಾಯಿಯ ಭರಣಿಗೆ ಹಿಡಿಯುವ ಬೂಷ್ಟು ನಮಗೆಲ್ಲ ಗೊತ್ತು. ಈ ಬೂದಿ ರೋಗವೂ ಶಿಲೀಂಧ್ರವೇ. ಹಾಗಿದ್ದ ಮೇಲೆ ಜುಲೈ ತಿಂಗಳ ಜಡಿಮಳೆಯಲ್ಲಿ ಕಾಣದ ಇದು ಒಂದು ಹನಿಯೂ ಬೀಳದ ಜನವರಿಯಲ್ಲಿ ಏಕೆ ಬರುತ್ತದೆ?

ಉತ್ತರ ಇದರ ಬೀಜಕದಲ್ಲಿದೆ. ಹೆಚ್ಚಿನ ಶಿಲೀಂಧ್ರಗಳ ಬೀಜಕ ಮೊಳೆಯಲು ಎಲೆಯ ಮೇಲೆ ನೀರಿನ ಪದರ ಬೇಕು. ಬೂದಿ ರೋಗದ ಬೀಜಕ ತನಗೆ ಬೇಕಾದ ನೀರನ್ನು ತನ್ನೊಳಗೇ ಹೊತ್ತು ತರುತ್ತದೆ. ಗಾಳಿಯಲ್ಲಿ ತೇವಾಂಶವಿದ್ದರೆ ಅದಕ್ಕೆ ಸಾಕು. ನೀರಿನಲ್ಲಿ ನೆನೆದರೆ ಅದಕ್ಕೇ ಹಾನಿ. ಜೋರು ಮಳೆಯಂತೂ ಅದನ್ನು ತೊಳೆದುಹಾಕುತ್ತದೆ. ನಮ್ಮ ಕರಾವಳಿಯ ಚಳಿಗಾಲವನ್ನು ನೆನೆಸಿಕೊಳ್ಳಿ. ರಾತ್ರಿ ತಂಪು, ಗಾಳಿಯ ತುಂಬ ಪಸೆ. ಹಗಲು ಒಣ ಬಿಸಿಲು, ಬೀಜಕ ಹಾರಲು ಸಮುದ್ರದ ಗಾಳಿ. ಇದಕ್ಕಿಂತ ಒಳ್ಳೆಯ ಏರ್ಪಾಡು ಈ ರೋಗಕ್ಕೆ ಬೇಕಿಲ್ಲ. ಗದ್ದೆಯ ಎರಡನೇ ಬೆಳೆಯಾದ ಉದ್ದಿಗೂ, ಮಾವಿನ ಹೂವಿಗೂ ಇದೇ ಕಾಲದಲ್ಲಿ ಬೂದಿ ಹಿಡಿಯುವುದು ಈ ಕಾರಣಕ್ಕೇ. ಆದರೆ ಮಾವಿನ ಬೂದಿ ಸೌತೆಗೆ ಹತ್ತುವುದಿಲ್ಲ. ಹೆಸರು ಒಂದೇ ಆದರೂ ಶಿಲೀಂಧ್ರದ ಜಾತಿಗಳು ಬೇರೆ ಬೇರೆ.

ಇನ್ನೊಂದು ಗುಣವನ್ನೂ ಗಮನಿಸಬೇಕು. ಇದು ಸತ್ತ ಎಲೆಯನ್ನು ತಿಂದು ಬದುಕಲಾರದು. ಜೀವಂತ ಎಲೆಯ ಮೇಲ್ಪದರಕ್ಕೆ ಸಣ್ಣ ಹೀರುಕೊಳವೆ ಇಳಿಸಿಯೇ ಅನ್ನ ಉಣ್ಣಬೇಕು. ಹಾಗಾಗಿ ಫಸಲು ಮುಗಿದ ಹಳೆಯ ಸೌತೆ ಬಳ್ಳಿಯನ್ನು 'ಇರಲಿ ಬಿಡು' ಎಂದು ಹಿತ್ತಲ ಮೂಲೆಯಲ್ಲಿ ಉಳಿಸಿದರೆ, ಹೊಸ ಸಾಲಿಗೆ ರೋಗವನ್ನು ನಾವೇ ಸಾಕಿ ಕೊಟ್ಟಂತೆ.

ಇನ್ನು ಮದ್ದಿನ ವಿಷಯ. ಹೆತ್ತವರು ಇಲ್ಲಿ ಒಂದು ನಿಮಿಷ ನಿಲ್ಲಬೇಕು. ಎಲೆ ಬೆಳ್ಳಗಾದ ಕೂಡಲೇ ಪೇಟೆಗೆ ಹೋಗಿ 'ಎಂಥಾದರೂ ಒಂದು ಔಷಧ ಕೊಡಿ' ಎನ್ನುವುದು ನಮ್ಮ ಅಭ್ಯಾಸ. ಇಂಥ ಔಷಧದ ಚೀಟಿಯ ಮೇಲೆ, ಸಿಂಪಡಿಸಿದ ಎಷ್ಟು ದಿನಗಳ ನಂತರ ಕಾಯಿ ಕೊಯ್ಯಬಹುದು ಎಂದು ಬರೆದಿರುತ್ತದೆ. ಬೆಂಡೆಯಾದರೋ ದಿನ ಬಿಟ್ಟು ದಿನ ಕೊಯ್ಯಬೇಕಾದ ಬೆಳೆ. ಎರಡು ದಿನ ಬಿಟ್ಟರೆ ನಾರು. ಹಾಗಿರುವಾಗ ವಾರಗಟ್ಟಲೆ ಕಾಯುವವರು ಯಾರು? ಸೋಮವಾರ ಹೊಡೆದ ಔಷಧ ಬುಧವಾರ ಹುಳಿಯ ಪಾತ್ರೆಗೆ ಬಂತು. ಶಾಲೆಯ ಕೈತೋಟದ ತರಕಾರಿಯಾದರೆ ಬಿಸಿಯೂಟದ ಪಾತ್ರೆಗೆ. ಗೇರುತೋಟಗಳ ಮೇಲೆ ಆಕಾಶದಿಂದ ಸುರಿದ ಎಂಡೋಸಲ್ಫಾನ್ ಕಾಸರಗೋಡಿನಲ್ಲಿ ಏನು ಮಾಡಿತು ಎಂಬುದನ್ನು ಕಂಡ ಕರಾವಳಿ ನಮ್ಮದು. ಆ ವಿಷಕ್ಕೆ ಸುಪ್ರೀಂ ಕೋರ್ಟು ತಡೆ ಹಾಕಿದ್ದು 2011ರಲ್ಲಿ. ಅದು ಕೀಟನಾಶಕ, ಇಲ್ಲಿಯದು ಬೂಷ್ಟಿನ ಮಾತು, ನಿಜ. ಆದರೂ ಮನೆಯ ತರಕಾರಿಗೆ ಕೈಯೆತ್ತುವ ಮೊದಲು ಓದಬೇಕಾದದ್ದು ಚೀಟಿ ಎಂಬ ಪಾಠ ಎರಡಕ್ಕೂ ಒಂದೇ.

ಹಾಗಾದರೆ ಏನು ಮಾಡಬೇಕು? ಮೊದಲನೆಯದು ಜಾಗ. ತೆಂಗಿನ ಮರದ ದಟ್ಟ ನೆರಳು ಬೇಡ, ಬಿಸಿಲು ಬೀಳುವಲ್ಲಿ ಬೀಜ ಹಾಕಿ. ಗಿಡದಿಂದ ಗಿಡಕ್ಕೆ ಗಾಳಿಯಾಡುವಷ್ಟು ಅಂತರ ಬಿಡಿ. ಬೇಗ ಬೆಳೆಯಲೆಂದು ಯೂರಿಯ ಸುರಿಯಬೇಡಿ. ಸಾರಜನಕ ಹೆಚ್ಚಾದ ಎಲೆ ಮೆತ್ತಗೆ, ರೋಗಕ್ಕೆ ಅದೇ ಇಷ್ಟ. ಹಟ್ಟಿಗೊಬ್ಬರ ಸಾಕು.

ಎರಡನೆಯದು ಕಣ್ಣು. ರೋಗ ಸಾಮಾನ್ಯವಾಗಿ ಕೆಳಗಿನ ಹಳೆಯ ಎಲೆಗಳಲ್ಲಿ ಮೊದಲು ಕಾಣುತ್ತದೆ. ವಾರಕ್ಕೆರಡು ಸಲ ಎಲೆ ಮಗುಚಿ ನೋಡಿ. ಒಂದೆರಡು ಎಲೆಯಲ್ಲಿ ಚುಕ್ಕೆ ಕಂಡರೆ ಆ ಎಲೆಗಳನ್ನು ಮೆಲ್ಲಗೆ ಚಿವುಟಿ, ಗೊಬ್ಬರದ ಗುಂಡಿಗೆ ಹಾಕಿ ಮಣ್ಣು ಮುಚ್ಚಿ. ಒಂದೇ ದಿನ ಗಿಡವನ್ನು ಬೋಳಿಸಬೇಡಿ. ಬೆಳಿಗ್ಗೆ ಎಲೆಗಳ ಮೇಲೂ ಅಡಿಗೂ ನೀರು ಚಿಮುಕಿಸಿ ತೊಳೆಯುವುದರಿಂದಲೂ ಬೀಜಕ ಕಡಿಮೆಯಾಗುತ್ತದೆ. ಸಂಜೆ ಮಾತ್ರ ಬೇಡ. ರಾತ್ರಿಯಿಡೀ ಒದ್ದೆಯಾಗಿರುವ ಎಲೆಗೆ ಬೇರೆ ರೋಗಗಳು ಬರುತ್ತವೆ.

ಮೂರನೆಯದು ಅಡುಗೆಮನೆಯ ಮದ್ದು. ಬ್ರೆಜಿಲ್ ದೇಶದ ವಿಜ್ಞಾನಿ ವಾಗ್ನರ್ ಬೆಟ್ಟಿಯೋಲ್ ಕುಂಬಳದ ಜಾತಿಯ ಜುಕಿನಿ ಗಿಡಗಳಿಗೆ ಹಸುವಿನ ಹಾಲನ್ನು ನೀರಿಗೆ ಬೆರೆಸಿ ಸಿಂಪಡಿಸಿ ನೋಡಿದರು. ಹತ್ತರಲ್ಲಿ ಒಂದು ಪಾಲು ಹಾಲಿದ್ದರೂ ಬೂದಿ ರೋಗ ಚೆನ್ನಾಗಿ ಹತೋಟಿಗೆ ಬಂತೆಂದು 1999ರಲ್ಲಿ ಪ್ರಕಟಿಸಿದರು. ನಮ್ಮ ಲೆಕ್ಕದಲ್ಲಿ ಒಂದು ಲೋಟ ಹಾಲಿಗೆ ಒಂಬತ್ತು ಲೋಟ ನೀರು. ಬಿಸಿಲೇರುವ ಮೊದಲು ಎಲೆಯ ಎರಡೂ ಬದಿಗೆ, ವಾರಕ್ಕೊಮ್ಮೆ ಅಥವಾ ಎರಡು ಸಲ. ರೋಗ ಶುರುವಾಗುವಾಗಲೇ ಹಿಡಿದರೆ ಮಾತ್ರ ಫಲ. ಹಾಲು ಹೆಚ್ಚು ಹಾಕಿದರೆ ಎಲೆಯ ಮೇಲೆ ಬೇರೆ ಬೂಷ್ಟು ಕೂರಬಹುದು.

ಇದಕ್ಕೂ ಬಗ್ಗದಿದ್ದರೆ ಗಂಧಕ. 1845ರಲ್ಲಿ ಇಂಗ್ಲೆಂಡಿನ ಮಾರ್ಗೇಟಿನಲ್ಲಿ ಟಕ್ಕರ್ ಎಂಬ ತೋಟಗಾರ ದ್ರಾಕ್ಷಿಯ ಮೇಲೆ ಬೂದಿ ರೋಗ ಕಂಡ. ಕೆಲವೇ ವರ್ಷಗಳಲ್ಲಿ ಅದು ಫ್ರಾನ್ಸಿನ ದ್ರಾಕ್ಷಿತೋಟಗಳನ್ನು ನೆಲಕಚ್ಚಿಸಿತು. ಅವುಗಳನ್ನು ಉಳಿಸಿದ್ದು ಗಂಧಕ. ಇಂದಿಗೂ ಅದು ಕೆಲಸಕ್ಕೆ ಬರುತ್ತದೆ. ನೀರಿನಲ್ಲಿ ಬೆರೆಯುವ 80 ಶೇಕಡಾ ಗಂಧಕದ ಪುಡಿಯನ್ನು ಲೀಟರಿಗೆ 2ರಿಂದ 3 ಗ್ರಾಂ ಹಾಕಬೇಕು. ಚೀಟಿಯಲ್ಲಿರುವ ಪ್ರಮಾಣ ಮತ್ತು ಕಾಯಬೇಕಾದ ದಿನಗಳೇ ಅಂತಿಮ. ಉರಿಬಿಸಿಲಿನಲ್ಲಿ ಹೊಡೆದರೆ ಎಲೆ ಸುಡುತ್ತದೆ. ಸೌತೆ, ಕುಂಬಳದ ಜಾತಿಗೆ ಈ ಭಯ ಹೆಚ್ಚು; ಮೊದಲು ಎರಡು ಎಲೆಗೆ ಹಾಕಿ ಎರಡು ದಿನ ನೋಡಿ. ಬೇವಿನೆಣ್ಣೆ ಹೊಡೆದು ಎರಡು ವಾರವಾಗುವವರೆಗೆ ಗಂಧಕ ಬೇಡ. ಮೂಗು, ಬಾಯಿಗೆ ಬಟ್ಟೆ ಕಟ್ಟಿಕೊಂಡು ದೊಡ್ಡವರೇ ಈ ಕೆಲಸ ಮಾಡಬೇಕು, ಮಕ್ಕಳಲ್ಲ. ಅನುಮಾನವಿದ್ದರೆ ರೋಗದ ಎಲೆಯನ್ನು ಕಾಗದದಲ್ಲಿ ಸುತ್ತಿಕೊಂಡು ಬ್ರಹ್ಮಾವರದ ಕೃಷಿ ವಿಜ್ಞಾನ ಕೇಂದ್ರಕ್ಕೆ ಹೋಗಿ ಕೇಳಿ.

ಸಿಂಪಡಿಸುವ ಮುನ್ನ ವಿದ್ಯಾರ್ಥಿಗಳಿಗೆ ಒಂದು ಕೆಲಸವಿದೆ. ಬೂದಿ ಹಿಡಿದ ಎಲೆಯ ಮೇಲೆ ನಿಂಬೆಹಳದಿ ಬಣ್ಣದ, ಬೆನ್ನಿನ ರೆಕ್ಕೆಯಲ್ಲಿ ಚುಕ್ಕೆಯಿಲ್ಲದ ಪುಟ್ಟ ಗುಲಗಂಜಿ ಹುಳ ಓಡಾಡುತ್ತದೆಯೇ ನೋಡಿ. ಅದು ಎಲೆ ತಿನ್ನುವುದಿಲ್ಲ. ಈ ಬೂದಿಯನ್ನೇ ತಿಂದು ಬದುಕುತ್ತದೆ. ಬದನೆ, ಹಾಗಲದ ಎಲೆಯನ್ನು ಜಾಲರಿ ಮಾಡುವ, ಮೈತುಂಬ ಕಪ್ಪು ಚುಕ್ಕೆಗಳಿರುವ ಕಂದು ಹುಳ ಬೇರೆ. ಎರಡನ್ನೂ ಒಂದೇ ಎಂದು ಕೊಂದರೆ ನಮ್ಮ ಕೂಲಿಯಾಳನ್ನು ನಾವೇ ಓಡಿಸಿದಂತೆ.

ಜೊತೆಗೆ ಒಂದು ಪುಟ್ಟ ಪ್ರಯೋಗ. ಒಂದೇ ಸಾಲಿನ ಮೂರು ಗಿಡಗಳಿಗೆ ಬೇರೆ ಬೇರೆ ಬಣ್ಣದ ದಾರ ಕಟ್ಟಿ. ಒಂದಕ್ಕೆ ಹಾಲಿನ ನೀರು, ಇನ್ನೊಂದಕ್ಕೆ ಬರೀ ನೀರು, ಮೂರನೆಯದಕ್ಕೆ ಏನೂ ಬೇಡ. ವಾರಕ್ಕೊಮ್ಮೆ ಬೂದಿ ಹಿಡಿದ ಎಲೆಗಳನ್ನು ಎಣಿಸಿ, ತಾರೀಕು ಹಾಕಿ ನೋಟ್‌ಬುಕ್ಕಿನಲ್ಲಿ ಬರೆಯಿರಿ. ಮಂಜು ಬಿದ್ದ ದಿನಗಳನ್ನೂ ಗುರುತಿಸಿ. ತಿಂಗಳು ಕಳೆಯುವಾಗ ನಿಮ್ಮ ಹಿತ್ತಲಿಗೆ ಯಾವುದು ಸರಿ ಎಂಬುದು ನಿಮ್ಮದೇ ಲೆಕ್ಕದಿಂದ ಗೊತ್ತಾಗುತ್ತದೆ.

ಕೊನೆಗೊಂದು ಮಾತು. ಹತ್ತಾರು ಸಲ ಕಾಯಿ ಕೊಟ್ಟು ಮುದಿಯಾದ ಬಳ್ಳಿಗೆ ಬೂದಿ ಬಂದರೆ ಮದ್ದಿಗೆ ದುಡ್ಡು ಸುರಿಯಬೇಡಿ. ಅದನ್ನು ಕಿತ್ತು ಗುಂಡಿಗೆ ಹಾಕಿ, ಆ ಜಾಗಕ್ಕೆ ಹರಿವೆ ಬೀಜ ಬಿತ್ತಿ. ಮೂರು ನಾಲ್ಕು ವಾರದಲ್ಲಿ ಪದಾರ್ಥಕ್ಕೆ ಸೊಪ್ಪಾಯಿತು.