ಮುಷ್ಕರವೂ ಪಾದಚಾರಿಯೂ

ಇಟಲಿ ದೇಶವನ್ನು ನೋಡಿ ಬಂದವರಲ್ಲಿ ಕೆಲವರು ಒಂದು ದೂರನ್ನು ಹೇಳುವುದುಂಟು. ತಾವು ಬೊಲೊನ್ಯ ನಗರವನ್ನು ಸೇರಿದ ದಿವಸವೇ ಅಲ್ಲಿಯ ಬಸ್ಸಿನವರು ಮುಷ್ಕರ ಹೂಡಿದ್ದರೆಂದೂ, ಅದರಿಂದ ತಮ್ಮ ದಿನವು ನಿರರ್ಥಕವಾಯಿತೆಂದೂ, ಸಾರ್ವಜನಿಕ ಸೇವೆಯಲ್ಲಿರುವವರಿಗೆ ಮುಷ್ಕರದ ಹಕ್ಕೇ ಇರಬಾರದೆಂದೂ ಅವರ ಮತವು. ಈ ಮತವು ಎಷ್ಟರಮಟ್ಟಿಗೆ ಯುಕ್ತವೆಂಬುದನ್ನು ವಾಚಕರು ವಿಚಾರಿಸಿ ನೋಡತಕ್ಕದ್ದು.

ದಿನವು ನಿರರ್ಥಕವಾಯಿತೆಂಬ ಮಾತನ್ನು ಮೊದಲು ಪರೀಕ್ಷಿಸೋಣ. ರೈಲು ನಿಲ್ದಾಣದಿಂದ ಊರ ನಡುವಣ ಮಹಾಚೌಕಕ್ಕೆ ಸಾವಧಾನವಾಗಿ ನಡೆದರೂ ಅರ್ಧ ಗಂಟೆ ಹಿಡಿಯದು. ಆ ದಾರಿಯಲ್ಲಿ ಬಹುಮಟ್ಟಿಗೆ ಬಿಸಿಲೂ ತಾಗದು, ಮಳೆಯೂ ತಾಗದು. ಏಕೆಂದರೆ ಮನೆಗಳ ಮುಂಭಾಗದಲ್ಲಿ, ದೇವಾಲಯದ ಪ್ರಾಕಾರದಲ್ಲಿರುವಂತೆ, ಕಂಬ ಕಮಾನುಗಳ ಕೈಸಾಲೆಗಳು ಒಂದಕ್ಕೊಂದು ಸೇರಿಕೊಂಡು ಸಾಗುತ್ತವೆ. ನಗರದಲ್ಲಿ ಇವುಗಳ ಒಟ್ಟು ಉದ್ದವು ಸುಮಾರು 62 ಕಿಲೋಮೀಟರು. 2021ರಲ್ಲಿ ಯುನೆಸ್ಕೋ ಸಂಸ್ಥೆಯು ಇವನ್ನು ವಿಶ್ವಪರಂಪರೆಯ ಪಟ್ಟಿಗೆ ಸೇರಿಸಿತು. ಬಸ್ಸಿನ ಕಿಟಕಿಯಿಂದ ಕಾಣುವುದು ಈ ಕಂಬಗಳ ಹೊರಮೈ ಮಾತ್ರ. ಒಳಗಣ ನೆರಳು ನಡೆಯುವವನಿಗೇ ಮೀಸಲು.

ಈ ಕೈಸಾಲೆಗಳು ಬೆಳೆದ ಬಗೆಯು ಮನನಾರ್ಹವಾದುದು. ವಿದ್ಯಾಪೀಠದ ಖ್ಯಾತಿಯಿಂದ ಜನಸಂಖ್ಯೆಯು ಹೆಚ್ಚಲು, ಮನೆಯವರು ಮೇಲಂತಸ್ತುಗಳನ್ನು ಬೀದಿಯ ಮೇಲಕ್ಕೆ ಚಾಚಿ ಕಟ್ಟಿ, ಕೆಳಗೆ ಕಂಬಗಳನ್ನು ಕೊಟ್ಟರು. ಕ್ರಿ.ಶ. 1288ರ ನಗರಶಾಸನವು ಹೊಸ ಮನೆಗಳಿಗೆಲ್ಲ ಕೈಸಾಲೆಯು ಇರಲೇಬೇಕೆಂದು ವಿಧಿಸಿತು. ಕಟ್ಟಡವು ಮನೆಯೊಡೆಯನದು, ದುರಸ್ತಿಯ ಹೊಣೆಯೂ ಅವನದೇ. ನಡೆಯುವ ಹಕ್ಕು ಮಾತ್ರ ಸರ್ವರದು. ತನ್ನದರಲ್ಲಿ ಒಂದು ಪಾಲನ್ನು ಗುರುತಿಲ್ಲದ ದಾರಿಗನಿಗೆ ಬಿಟ್ಟುಕೊಡುವುದೇ ಈ ನಗರದ ಧರ್ಮವು. ಏಳು ನೂರು ವರ್ಷಗಳಿಂದ ಅಲ್ಲಿಯವರು ಪಾಲಿಸಿಕೊಂಡು ಬಂದ ಧರ್ಮವನ್ನು, ಒಂದು ದಿವಸದ ಅತಿಥಿಯು ತನ್ನ ಕಾಲುಗಳ ಮಟ್ಟಿಗಾದರೂ ಪಾಲಿಸಲಾರನೇ?

ಇನ್ನು ಮುಷ್ಕರದ ಹಕ್ಕಿನ ವಿಚಾರ. ದುಡಿಯುವವನು ಯಂತ್ರವಲ್ಲವೆಂಬುದನ್ನು ಈ ಊರು ಹಿಂದೆಯೇ ಅರಿತಿತ್ತು. 1256ರಲ್ಲಿ ಬೊಲೊನ್ಯದ ಪೌರಾಡಳಿತವು ಸುಮಾರು 6,000 ಮಂದಿ ಜೀತದಾಳುಗಳನ್ನು, ಅವರ ಒಡೆಯರಿಗೆ ಸಾರ್ವಜನಿಕ ಹಣವನ್ನು ತೆತ್ತು, ಬಿಡುಗಡೆ ಮಾಡಿತು. ಅವರ ಹೆಸರುಗಳನ್ನು ಬರೆದಿಟ್ಟ 'ಲಿಬೆರ್ ಪಾರಾದಿಸುಸ್' ಎಂಬ ಗ್ರಂಥವು ಇಂದಿಗೂ ಇದೆ. ಅಂತಹ ಊರಿನಲ್ಲಿ ಕೂಲಿಗಾರನು ತನ್ನ ದಿನದ ಸಂಬಳವನ್ನು ಬಿಟ್ಟು ನ್ಯಾಯ ಕೇಳುವುದನ್ನು ಉದ್ಧಟತನವೆನ್ನುವುದು ಅವಿಚಾರವು. 1948ರಲ್ಲಿ ಜಾರಿಗೆ ಬಂದ ಇಟಲಿಯ ಸಂವಿಧಾನವು ತನ್ನ 40ನೆಯ ವಿಧಿಯಲ್ಲಿ ಈ ಹಕ್ಕನ್ನು ಮನ್ನಿಸಿದೆ.

"ಹಾಗಾದರೆ ರೋಗಿಯ ಗತಿಯೇನು? ದೂರದಿಂದ ಕೆಲಸಕ್ಕೆ ಬರುವ ಬಡವನ ಗತಿಯೇನು?" ಎಂದು ಪೂರ್ವಪಕ್ಷಿಯು ಕೇಳುವನು. ಈ ಪ್ರಶ್ನೆಯು ನ್ಯಾಯವಾದುದೇ. ನಡೆಯಲಾರದವನಿಗೆ ನಡಿಗೆಯ ಮಹಿಮೆಯನ್ನು ಬೋಧಿಸುವುದು ಕ್ರೌರ್ಯವು. ಆದುದರಿಂದಲೇ 1990ರ 146ನೆಯ ಕಾನೂನು ಹುಟ್ಟಿತು. ಅದರಂತೆ ಅತ್ಯಾವಶ್ಯಕ ಸೇವೆಗಳಲ್ಲಿರುವವರು ಮುಷ್ಕರಕ್ಕೆ ಕನಿಷ್ಠ ಹತ್ತು ದಿನ ಮುಂಚೆ ತಿಳುವಳಿಕೆ ಕೊಡಬೇಕು. ಮುಷ್ಕರದ ದಿನವೂ ಗೊತ್ತಾದ ಹೊತ್ತುಗಳಲ್ಲಿ ಬಸ್ಸುಗಳನ್ನು ಓಡಿಸಬೇಕು. ಈ ಕಟ್ಟಳೆಯನ್ನು ಮೀರಿದ ಮುಷ್ಕರವನ್ನು ಖಂಡಿಸುವುದು ಯುಕ್ತವೇ ಸರಿ. ಆದರೆ ಗಟ್ಟಿ ಕಾಲುಳ್ಳ ಪ್ರವಾಸಿಯು ರೋಗಿಯ ಊರುಗೋಲನ್ನು ಎರವಲು ತಂದು, ಅದರಿಂದ ಬಸ್ಸಿನವನನ್ನು ಹೊಡೆಯುವುದು ಯಾವ ನ್ಯಾಯ?

ಬಸ್ಸಿನವರಿಗೆ ಜನರ ಮೇಲೆ ಕನಿಕರವಿಲ್ಲವೆನ್ನುವವರು ಬೊಲೊನ್ಯದ ರೈಲು ನಿಲ್ದಾಣದ ಗಡಿಯಾರವನ್ನು ನೋಡತಕ್ಕದ್ದು. ಅದರ ಮುಳ್ಳುಗಳು 10-25ಕ್ಕೆ ನಿಂತಿವೆ. 1980ನೆಯ ಆಗಸ್ಟ್ 2ರಂದು ಆ ಹೊತ್ತಿಗೆ ಬಾಂಬು ಸಿಡಿದು 85 ಜನರು ಸತ್ತರು. ಅಂದು 37ನೆಯ ಮಾರ್ಗದ ಬಸ್ಸೊಂದು, ಕಿಟಕಿಗಳಿಗೆ ಬಿಳಿಯ ಬಟ್ಟೆ ಕಟ್ಟಿಕೊಂಡು, ರಾತ್ರಿಯವರೆಗೂ ಹೆಣಗಳನ್ನು ಹೊತ್ತಿತು. ಅದನ್ನು ನಡೆಸಿದವನೂ ಬಸ್ಸಿನ ಕೆಲಸಗಾರನೇ. ವಿಪತ್ತಿನ ದಿನ ಊರಿನ ಹೆಣವನ್ನು ಹೊತ್ತ ವರ್ಗದವರು, ಸುಭಿಕ್ಷದ ದಿನ ತಮ್ಮ ಸಂಬಳದ ಮಾತೆತ್ತಿದರೆ, ಪ್ರವಾಸಿಗೆ ಅದು ಸಹಿಸದಾಗುವುದೇ?

ಹೀಗಿರಲು, ಮುಷ್ಕರದ ತಿಳುವಳಿಕೆಯನ್ನು ಕಂಡವನು ಹಲುಬದೆ ಪಾದರಕ್ಷೆಯನ್ನು ಬಿಗಿದುಕೊಳ್ಳಲಿ. ಊರ ಸರಾಗೋತ್ಸ ಬಾಗಿಲಿನಿಂದ ಬೆಟ್ಟದ ಮೇಲಣ ಸಾನ್ ಲೂಕಾ ಮಾತೆಯ ಗುಡಿಯವರೆಗೆ 666 ಕಮಾನುಗಳ ಕೈಸಾಲೆಯೊಂದು ಏರಿಹೋಗುತ್ತದೆ; ಉದ್ದವು ನಾಲ್ಕು ಕಿಲೋಮೀಟರಿಗೆ ತುಸು ಕಡಿಮೆ. 1674ರಲ್ಲಿ ತೊಡಗಿದ ಈ ಕೆಲಸವನ್ನು ಪುರಜನರ ಕಾಣಿಕೆಗಳೇ ಪೂರೈಸಿದವು. ಅದನ್ನು ಹತ್ತಿ, ಮೇಲೆ ನಿಂತು ಕೆಂಪು ಹೆಂಚಿನ ಊರನ್ನು ನೋಡಿದ ಬಳಿಕವೂ ದಿನವು ನಿರರ್ಥಕವಾಯಿತೆಂದು ತೋರಿದರೆ, ಆ ದೋಷವು ಬಸ್ಸಿನವನದಲ್ಲ.