ಮೊಟ್ಟೆಗೆ ಮೊಲದ ಕಿವಿ

ಮಕ್ಕಳಿಗೆ ಮೊಟ್ಟೆ ತಿನ್ನಿಸಬೇಕಾದರೆ ಅದನ್ನು ಮೊದಲು ಮೊಲವನ್ನಾಗಿಯೋ ಹಡಗನ್ನಾಗಿಯೋ ಮಾರ್ಪಡಿಸತಕ್ಕದ್ದು, ಕ್ಯಾರೆಟ್ಟಿನ ಕಿವಿಯೂ ಮೆಣಸಿನ ಕಣ್ಣೂ ಇಲ್ಲದ ಮೊಟ್ಟೆಯನ್ನು ಈ ಕಾಲದ ಮಗು ಮೂಸಿಯೂ ನೋಡದು ಎಂಬ ಮಾತು, ಬೆಂಗಳೂರಿನ ತುಮಕೂರು ರಸ್ತೆಯ ಮಗ್ಗುಲಲ್ಲಿ ಮಾಕಳಿಯವರೆಗೆ ಎದ್ದುನಿಂತಿರುವ ಹೊಸ ವಸತಿಗಳಲ್ಲಿ ಈಚೆಗೆ ಸಿದ್ಧಾಂತದ ಗಾಂಭೀರ್ಯದಿಂದಲೇ ಕೇಳಿಬರುತ್ತಿದೆ. ನಾನು ಇದನ್ನು ಒಪ್ಪಲಾರೆ. ಮಗುವಿಗೆ ಬೇಕಾದುದು ಅಲಂಕಾರವಲ್ಲ, ಹದ.

ಮಗು ಕಣ್ಣಿನಿಂದಲೂ ಉಣ್ಣುತ್ತದೆಂಬುದು ನಿಜ. ಬಿಡುವಿದ್ದ ಭಾನುವಾರ ತಾಯಿಯೋ ತಂದೆಯೋ ತಟ್ಟೆಯಲ್ಲೊಂದು ಮೊಲವನ್ನು ಕೂರಿಸಿದರೆ ಯಾರ ಗಂಟೂ ಹೋಗುವುದಿಲ್ಲ. ಆದರೆ ಪೀಣ್ಯದ ಕಾರ್ಖಾನೆಯ ಮೊದಲ ಪಾಳಿಗೆ ಬಸ್ಸು ಹಿಡಿಯಬೇಕಾದ ತಾಯಿಗೆ, ಕ್ಯಾರೆಟ್ ಕೊರೆಯದ ಅಪರಾಧವನ್ನು ಹೊರಿಸುವ ಮುನ್ನ, ಮಗು ಮೊಟ್ಟೆಯನ್ನು ದೂರ ತಳ್ಳುವುದೇಕೆಂದು ವಿಚಾರಿಸುವುದು ಯುಕ್ತ. ಅನೇಕ ವೇಳೆ ಕಾರಣ ತೀರ ಲೌಕಿಕವಾದುದು. ಒಲೆಯ ಮೇಲೆ ಮರೆತ ಮೊಟ್ಟೆಯನ್ನು ಸೀಳಿನೋಡಿ: ಹಳದಿಯ ಸುತ್ತ ಬೂದಿಹಸುರಿನ ಒಂದು ಬಳೆ. ಅತಿಯಾಗಿ ಬೆಂದ ಬಿಳಿಯ ಭಾಗದಿಂದ ಹೊರಟ ಗಂಧಕದ ಅನಿಲವು ಹಳದಿಯ ಕಬ್ಬಿಣಾಂಶದೊಡನೆ ಕೂಡಿ ಆ ಬಣ್ಣವನ್ನೂ, ತಾನೇ ಒಂದು ನಾತವನ್ನೂ ತರುತ್ತದೆ. ತಿಂದರೆ ಹಾನಿಯಿಲ್ಲ, ಆದರೆ ಮೂಗಿಗೆ ಬಡಿಯುವ ಆ ವಾಸನೆಯನ್ನು ಯಾವ ಮೊಲದ ಕಿವಿ ತಾನೆ ಮರೆಸೀತು? ಕುದಿವ ನೀರಿನಲ್ಲಿ ಹತ್ತು ಹನ್ನೊಂದು ನಿಮಿಷ ಬೇಯಿಸಿ, ಕೂಡಲೇ ತಣ್ಣೀರಿಗೆ ಹಾಕಿದರೆ ಬಳೆಯೂ ಇಲ್ಲ, ನಾತವೂ ಇಲ್ಲ, ಸಿಪ್ಪೆಯೂ ಸಲೀಸಾಗಿ ಬರುತ್ತದೆ.

ಸರ್ಕಾರಿ ಶಾಲೆಯ ಪಂಕ್ತಿಯನ್ನು ನೋಡಿದವರಿಗೆ ಈ ವಾದ ಹೊಸದೆನಿಸದು. 2021ರ ಡಿಸೆಂಬರಿನಲ್ಲಿ ಕಲ್ಯಾಣ ಕರ್ನಾಟಕದ ಜಿಲ್ಲೆಗಳಲ್ಲಿ ಮೊದಲಾದ ಮೊಟ್ಟೆಯ ವಿತರಣೆ, 2024ರಲ್ಲಿ ಅಜೀಂ ಪ್ರೇಮ್‌ಜಿ ಫೌಂಡೇಶನ್ನಿನ ನೆರವಿನಿಂದ ವಾರಕ್ಕೆ ಆರು ದಿನಕ್ಕೆ ಏರಿತು. ಆಗ ಮೊಟ್ಟೆಯೊಂದಕ್ಕೆ ಗೊತ್ತುಮಾಡಿದ್ದ 6 ರೂಪಾಯಿಯಲ್ಲಿ ಇಂಧನಕ್ಕೆ 50 ಪೈಸೆ, ಸುಲಿಯುವ ಕೂಲಿಗೆ 30 ಪೈಸೆ ಇತ್ತು. ಕಿವಿ ಕೊರೆಯಲು ಬಿಡಿಗಾಸೂ ಇರಲಿಲ್ಲ. ಆದರೂ ಪಕ್ಕದವನು ತಿನ್ನುವುದನ್ನು ನೋಡಿ ಮಗು ತಿನ್ನುತ್ತದೆ. ಈ ವಿತರಣೆಯನ್ನು ವಿರೋಧಿಸುವವರಲ್ಲಿ, ಮೊಟ್ಟೆಯಿಂದ ಬುದ್ಧಿ ಮಂದವಾಗುವುದೆಂಬವರಿಗೆ ಉತ್ತರ ಹೇಳುವುದು ಕಾಲಹರಣ. ಕುಲಾಚಾರದಿಂದ ಬೇಡವೆನ್ನುವ ಮನೆಯವರ ಸಂಕೋಚ ಬೇರೆಯ ಮಾತು, ಗೌರವಾರ್ಹವಾದುದು. ಅದಕ್ಕೆಂದೇ ಮೊಟ್ಟೆಯ ಬದಲು ಬಾಳೆಹಣ್ಣನ್ನು ಇರಿಸಿದೆ. ಆದರೆ ತನ್ನ ಸಂಕೋಚವನ್ನು ಪಕ್ಕದ ಹಸಿದ ಮಗುವಿನ ತಟ್ಟೆಗೂ ಹೇರಹೊರಡುವುದು ಆಚಾರವಲ್ಲ, ದರ್ಪ.

ವಿನೋದವೇ ಬೇಕೆಂದರೆ ಅದನ್ನು ತಟ್ಟೆಯಲ್ಲಿ ಹುಡುಕದೆ ಅಡಿಗೆಮನೆಯಲ್ಲಿ ಹುಡುಕತಕ್ಕದ್ದು. ಕುದಿಯುವ ಸಾರಿಗೆ ಒಡೆದುಬಿಟ್ಟ ಮೊಟ್ಟೆ ಕಣ್ಣೆದುರೇ ಬಿಳಿಯ ಮೋಡದಂತೆ ಹೆಪ್ಪುಗಟ್ಟುವುದನ್ನು ಮಗು ದೂರ ನಿಂತು ನೋಡಲಿ. ಪೋಷಣೆಯ ಮಾತಿಗೆ ಬಂದರೆ, ಮೊಟ್ಟೆಯೊಂದರಲ್ಲಿ ಸುಮಾರು 6 ಗ್ರಾಂ ಪ್ರೋಟೀನು, ಬಿ12 ಜೀವಸತ್ವ ಎಲ್ಲವೂ ಉಂಟು. ನಾರಿಲ್ಲ, ಸಿ ಜೀವಸತ್ವವಿಲ್ಲ. ಆ ಕೊರತೆಗೆ ನಮ್ಮ ಹಳ್ಳಿಗಳ ನುಗ್ಗೆಸೊಪ್ಪಿನ ಮೊಟ್ಟೆಪಲ್ಯವೇ ಸಾಕು, ಮೇಲೆರಡು ಹನಿ ನಿಂಬೆರಸ. ಕಡ್ಡಿಯಿಂದ ಎಲೆ ಬಿಡಿಸುವ ಕೆಲಸವೂ ಬಟ್ಟಲಿಗೆ ಮೊಟ್ಟೆ ಒಡೆಯುವ ಕೆಲಸವೂ ಮಗುವಿನದಾಗಲಿ. ಸಿಪ್ಪೆಯ ಚೂರು ಬಿದ್ದರೆ ಎತ್ತಿಹಾಕಲು ಹಿರಿಯರಿದ್ದಾರೆ.