ಯಾರೂ ಕಳೆದುಕೊಳ್ಳದ ಹತ್ತು ರೂಪಾಯಿ

ಜುಲೈ ತಿಂಗಳ ಒಂದು ಬೆಳಿಗ್ಗೆ ಮೂರನೇ ಇಯತ್ತೆಯ ಮೊಮ್ಮಗನಿಗೆ ರೇನ್‌ಕೋಟಿನ ಗುಂಡಿ ಹಾಕುತ್ತಿದ್ದೆ. "ಅಜ್ಜಿ, ಹತ್ತು ರೂಪಾಯಿ ಕೊಡು" ಅಂದ. ಯಾಕೋ ಅಂದೆ. "ಟೀಚರ್‌ಗೆ ಕೊಡ್ಬೇಕು. ವರಾಂಡಾದಾಗ ಬಿದ್ದಿತ್ತು, ಸಿಕ್ತು ಅಂತ ಹೇಳ್ತೀನಿ."

ಅವನ ಮುಖದಲ್ಲಿ ಅಳುಕೇ ಇರಲಿಲ್ಲ. ಪುಣೆಯ ಶಿವಾಜಿನಗರದ ನಮ್ಮ ಗಲ್ಲಿಯಿಂದ ಶಾಲೆಗೆ ನಡೆಯುತ್ತ ಎಲ್ಲ ಬಿಡಿಸಿ ಹೇಳಿದ. ತರಗತಿಯ ಗೋಡೆಯ ಮೇಲೆ ಒಂದು ಪಟ್ಟಿ ಇದೆ. ಸಿಕ್ಕ ವಸ್ತು ಒಪ್ಪಿಸಿದರೆ ಒಂದು ನಕ್ಷತ್ರ, ನಿಜ ಹೇಳಿದರೆ ಒಂದು. ಹತ್ತಾದರೆ ಪ್ರಾರ್ಥನೆಯ ಹೊತ್ತಿನಲ್ಲಿ ಎಲ್ಲರೆದುರು ಬ್ಯಾಡ್ಜ್. ಇವನಿಗೆ ನಾಲ್ಕು, ಬೆಂಚಿನ ಗೆಳೆಯನಿಗೆ ಒಂಬತ್ತು. ಆ ಗೆಳೆಯ ನಾಣ್ಯಗಳನ್ನು ಮನೆಯಿಂದಲೇ ತರುತ್ತಾನಂತೆ.

ಜಂಗಲಿ ಮಹಾರಾಜ ರಸ್ತೆಯಲ್ಲಿ, ನಮ್ಮ ರಾಷ್ಟ್ರಕೂಟರ ಕಾಲದ ಪಾತಾಳೇಶ್ವರ ಗುಹೆಯ ಎದುರಿಗೆ ನಿಂತು ಕೇಳಿದೆ: "ರೊಕ್ಕ ಕಳಕೊಂಡವರಿಗೆ ಹೆಂಗ ಅನಸ್ತದ, ಹೇಳು." ಅವನು ಯೋಚನೆ ಮಾಡಿಯೇ ಹೇಳಿದ: "ಆದ್ರ ಯಾರದೂ ಕಳದಿಲ್ಲಲ್ಲ, ಅಜ್ಜಿ."

ಆ ಮಾತು ನನ್ನನ್ನು ಬಿಟ್ಟಿಲ್ಲ. ಹುಡುಗ ಹೇಳಿದ್ದೇ ಸರಿ. ಆ ಪಟ್ಟಿಯಲ್ಲಿ ಕಳೆದುಕೊಂಡವರು ಯಾರೂ ಇಲ್ಲ. ಅಲ್ಲಿರುವುದು ಇವನು ಮತ್ತು ಇವನ ನಕ್ಷತ್ರ, ಇಬ್ಬರೇ.

ಅವನ ಟೀಚರಮ್ಮನನ್ನು ದೂರುವ ಹಕ್ಕು ನನಗಿಲ್ಲ. ಆಳಂದ ತಾಲ್ಲೂಕಿನ ಹಳ್ಳಿಯೊಂದರ ಪ್ರಾಥಮಿಕ ಶಾಲೆಯಲ್ಲಿ ನಾನೂ ಕರಿಹಲಗೆಯ ಮೂಲೆಯಲ್ಲಿ 'ಒಳ್ಳೆಯ ಮಕ್ಕಳು' ಎಂದು ಹೆಸರು ಬರೆದವಳು. ಆ ಮೂಲೆಗೆ ಬರಲು ಮಕ್ಕಳು ಮೊದಲು ಕಲಿತದ್ದು ಚಾಡಿ ಹೇಳುವುದನ್ನು. ಒಬ್ಬ ಹುಡುಗನ ಹೆಸರಂತೂ ವರ್ಷವಿಡೀ ಬರಲಿಲ್ಲ. ಆಮೇಲಾಮೇಲೆ ಅವನು ಹಲಗೆಯ ಆ ಕಡೆ ನೋಡುವುದನ್ನೇ ಬಿಟ್ಟ.

1993ರ ಸೆಪ್ಟೆಂಬರ್ 30ರ ನಸುಕಿನಲ್ಲಿ ಗಡಿಯಾಚೆಯ ಕಿಲ್ಲಾರಿಯಲ್ಲಿ ಭೂಮಿ ನಡುಗಿತು. ಲಾತೂರು, ಉಸ್ಮಾನಾಬಾದ್ ಜಿಲ್ಲೆಗಳಲ್ಲಿ ಸುಮಾರು ಹತ್ತು ಸಾವಿರ ಜನ ಸತ್ತರು. ನಮ್ಮಲ್ಲೂ ಮಾಡದ ಪಾತ್ರೆಗಳು ಉರುಳಿ ಬಿದ್ದಿದ್ದವು. ಊರಿಂದ ರೊಟ್ಟಿ ಕಳಿಸೋಣ ಎಂದಾಗ ಮಕ್ಕಳು ಮನೆಮನೆ ತಿರುಗಿ ಖಡಕ್ ರೊಟ್ಟಿ ಕೂಡಿಸಿದರು. ಯಾರು ಎಷ್ಟು ತಂದರು ಎಂದು ಬರೆದಿಡಲು ಯಾರಿಗೂ ಪುರಸೊತ್ತಿರಲಿಲ್ಲ. ಹಲಗೆಯ ಕಡೆ ನೋಡದ ಆ ಹುಡುಗ ರೊಟ್ಟಿ ಮುರಿಯಬಾರದೆಂದು ಗಂಟನ್ನು ಎರಡೂ ಕೈಯಲ್ಲಿ ಎದೆಗೊತ್ತಿ ಹಿಡಿದು ಬಸ್‌ಸ್ಟ್ಯಾಂಡಿನ ತನಕ ನಡೆದ. ಮರುದಿನ ನಾನು ಆ ಮೂಲೆಯನ್ನು ಒರೆಸಿದೆ. ಮತ್ತೆ ಬರೆಯಲಿಲ್ಲ.

2002ರಲ್ಲಿ ನಮ್ಮ ಕಡೆಗೆ ಬಿಸಿಯೂಟ ಬಂತು. ಆಗ ನನ್ನ ತರಗತಿಗೆ ಒಂದೇ ನಿಯಮ ಮಾಡಿದೆ: ವಾರಕ್ಕಿಬ್ಬರು ಬಡಿಸಬೇಕು, ಬಡಿಸಿದವರು ಕೊನೆಗೆ ಉಣ್ಣಬೇಕು. ನಾಲ್ಕನೆಯ ತರಗತಿಯ ಒಬ್ಬಳ ಪಾಳಿ ಬಂದಾಗ ಮೊದಲ ದಿನ ಗೆಳತಿಯರ ತಾಟಿಗೆ ಸಾರು ತುಂಬಿ ತುಂಬಿ ಹಾಕಿದಳು. ಕೊನೆಯ ಐದಾರು ಮಕ್ಕಳಿಗೆ ಬರೀ ಅನ್ನ, ಅವಳಿಗೂ ಬರೀ ಅನ್ನ. ನಾನು ಬೈಯಲಿಲ್ಲ, ಅವಳ ಪಕ್ಕದಲ್ಲಿ ಕೂತು ನಾನೂ ಬರೀ ಅನ್ನ ಉಂಡೆ. ಎರಡನೆಯ ದಿನ ಕೈ ಬಿಗಿ ಮಾಡಿದಳು, ಸಾರು ಉಳಿಯಿತು, ಮುಂದಿದ್ದವರು ಗೊಣಗಿದರು. ಮೂರನೆಯ ದಿನ ಸೌಟು ಕೈಗೆತ್ತಿಕೊಳ್ಳುವ ಮೊದಲು ಸುಮ್ಮನೆ ನಿಂತಳು. ಸಾಲಿನ ತುದಿಯವರೆಗೆ ಒಮ್ಮೆ ಕಣ್ಣು ಹಾಯಿಸಿದಳು. ಆಮೇಲೆ ಬಗ್ಗಿ ಸೌಟು ತುಂಬಿದಳು. ಮೂವತ್ತು ವರ್ಷಕ್ಕಿಂತ ಹೆಚ್ಚು ಮಾಸ್ತರಿಕೆ ಮಾಡಿದ್ದೇನೆ. ಗುಣ ಎಂಬುದನ್ನು ಕಣ್ಣಾರೆ ಕಂಡದ್ದು ಯಾವಾಗ ಎಂದು ಕೇಳಿದರೆ ನನಗೆ ನೆನಪಾಗುವುದು ಆ ಹುಡುಗಿಯ ಕಣ್ಣು ಸಾಲಿನ ತುದಿ ಮುಟ್ಟಿದ ಗಳಿಗೆ.

ಮಗನ ಮನೆಗೆಂದು ಪುಣೆಗೆ ಬಂದ ಮೇಲೆ ತಿಳಿಯಿತು, ಕಿಲ್ಲಾರಿಯ ಅದೇ ಭೂಕಂಪ ಈ ಊರಿನಲ್ಲೂ ಒಂದು ದಾರಿ ತೆರೆದಿತ್ತೆಂದು. ಇಲ್ಲಿಯ ಸಮಾಜಸೇವಕ ಶಾಂತಿಲಾಲ್ ಮುಥ್ಥಾ ಆ ಪ್ರದೇಶದ ಸುಮಾರು 1,200 ಮಕ್ಕಳನ್ನು ಪುಣೆ ಪಕ್ಕದ ವಾಘೋಲಿಗೆ ಕರೆತಂದು ಓದಿಸಿದರು. ಅವರ ಪ್ರತಿಷ್ಠಾನ 2009ರಲ್ಲಿ ಬೀಡ ಜಿಲ್ಲೆಯ 500 ಜಿಲ್ಲಾ ಪರಿಷತ್ ಶಾಲೆಗಳಲ್ಲಿ 'ಮೂಲ್ಯವರ್ಧನ' ಎಂಬ ಮೌಲ್ಯಶಿಕ್ಷಣದ ಕಾರ್ಯಕ್ರಮ ಆರಂಭಿಸಿತು. ಮುಂದೆ ಮಹಾರಾಷ್ಟ್ರ ಸರ್ಕಾರವೂ ಕೈಜೋಡಿಸಿ ಅದು ರಾಜ್ಯದ ಇತರ ಕಡೆಗೂ ಹಬ್ಬಿತು. ಸಂವಿಧಾನದ ಮೌಲ್ಯಗಳೇ ಅದರ ತಳಹದಿ. ಅಲ್ಲಿ ಮಾಸ್ತರು ಉಪದೇಶ ಮಾಡುವುದಿಲ್ಲ. ಮಕ್ಕಳು ಜೋಡಿಯಾಗಿ, ಗುಂಪಾಗಿ ಕೂತು ಮಾತಾಡುತ್ತಾರೆ. ನನಗೆ ಹಿಡಿಸಿದ್ದು ಆ ಜೋಡಿ. ಎದುರಿಗೆ ಇನ್ನೊಂದು ಮುಖ ಇರುತ್ತದೆ.

ಉಪದೇಶವಿಲ್ಲದೆ ಕಲಿಸುವುದು ಮಹಾರಾಷ್ಟ್ರದವರಿಗೆ ಹೊಸದೂ ಅಲ್ಲ. ಮರಾಠಿ ಲೇಖಕ, ಶಿಕ್ಷಕ ಸಾನೆ ಗುರೂಜಿ ಅಮಳನೇರದ ವಸತಿಗೃಹದಲ್ಲಿ ಹುಡುಗರ ಹಾಸಿಗೆಗಳನ್ನು ತಾವೇ ಮಡಚಿಡುತ್ತಿದ್ದರು. 1933ರಲ್ಲಿ ನಾಸಿಕ್ ಜೈಲಿನಲ್ಲಿ ಅವರು ಬರೆದ 'ಶ್ಯಾಮಚೀ ಆಯೀ' ಇಂದು ಮಕ್ಕಳಿಗೆ ಬಹುಮಾನದ ಪುಸ್ತಕವಾಗಿ ಸಿಗುತ್ತದೆ. ಹಾಸಿಗೆ ಮಡಚುವುದು ಮಾತ್ರ ಯಾವ ಶಾಲೆಯ ವೇಳಾಪಟ್ಟಿಯಲ್ಲೂ ನನಗೆ ಕಂಡಿಲ್ಲ.

ಕರ್ನಾಟಕದಲ್ಲೂ ನೈತಿಕ ಶಿಕ್ಷಣದ ಮಾತು ಆಗಾಗ ಏಳುತ್ತದೆ. 2023ರ ಜನವರಿಯಲ್ಲಿ ಬೆಂಗಳೂರಿನಲ್ಲಿ ಶಿಕ್ಷಣ ಇಲಾಖೆ ಮಠಾಧೀಶರನ್ನೂ ತಜ್ಞರನ್ನೂ ಕೂಡಿಸಿ ಸಮಾಲೋಚನೆ ನಡೆಸಿತ್ತು. ಯಾವ ಗ್ರಂಥದಿಂದ ಕಲಿಸಬೇಕು ಎಂಬ ಜಗಳಕ್ಕೇ ನಮ್ಮ ಶಕ್ತಿಯೆಲ್ಲ ಹೋಗುತ್ತದೆ. ಎಂಟು ವರ್ಷದ ಮಗುವಿಗೆ ಬೇಕಾದದ್ದು ತಪ್ಪಿದರೆ ಇನ್ನೊಬ್ಬರಿಗೆ ಕೊರತೆಯಾಗುವಂಥ ಒಂದು ನಿಜವಾದ ಕೆಲಸ, ಮತ್ತು ತಪ್ಪಿದ ದಿನ ಬೈಯದೆ ಪಕ್ಕದಲ್ಲಿ ಕೂರುವ ಒಬ್ಬ ದೊಡ್ಡವರು. ಓಟಕ್ಕೆ ಬಹುಮಾನ ಕೊಡಿ, ಚಂದದ ಅಕ್ಷರಕ್ಕೆ ಕೊಡಿ. ನಿಜ ಹೇಳಿದ್ದಕ್ಕೆ ಕೊಡಬೇಡಿ. ಕೊಟ್ಟ ಕೂಡಲೇ ಮಗುವಿನ ಕಣ್ಣು, ರೊಕ್ಕ ಕಳೆದುಕೊಂಡವನ ಮೇಲಿಂದ ಎದ್ದು ಗೋಡೆಗೆ ಹೋಗುತ್ತದೆ.

ಐವತ್ತು ಮಕ್ಕಳ ತರಗತಿಯಲ್ಲಿ ಇದಕ್ಕೆಲ್ಲ ವೇಳೆ ಎಲ್ಲಿದೆ ಎಂದು ಕೇಳುತ್ತಾರೆ. ಆ ಕಷ್ಟ ನನಗೆ ಗೊತ್ತು. ದಾಖಲೆ ತುಂಬಿಸುವುದರಲ್ಲೇ ಅರ್ಧ ದಿನ ಕಳೆದವಳು ನಾನು. ಆದರೆ ಊಟ ಬಡಿಸಲು, ನೀರು ತುಂಬಲು ಹೇಗೂ ಹೊತ್ತು ಬೇಕು. ಅದನ್ನು ಆಯಾ ಮಾಡುವ ಬದಲು ಮಕ್ಕಳು ಮಾಡಲಿ ಎಂದಷ್ಟೇ ನಾನು ಹೇಳುತ್ತಿರುವುದು. ಚೆಲ್ಲುತ್ತಾರೆ. ಒರೆಸಲಿ.

ಕಳೆದ ಪಾಲಕರ ಸಭೆಯಲ್ಲಿ ನನ್ನ ಮುರುಕು ಮರಾಠಿಯಲ್ಲಿ ಇದನ್ನೇ ಹೇಳಿದೆ. ನಕ್ಷತ್ರದ ಪಟ್ಟಿ ಬೇಕೆಂದು ಕೇಳುವವರೇ ಪಾಲಕರು ಎಂದರು ಮುಖ್ಯೋಪಾಧ್ಯಾಯಿನಿ. ಹಿಂದಿನ ಸಾಲಿನಲ್ಲಿ ಇಬ್ಬರು ತಾಯಂದಿರು ತಲೆಯಾಡಿಸಿದರು. ಪಟ್ಟಿ ಈಗಲೂ ಗೋಡೆಯ ಮೇಲಿದೆ. ನಮ್ಮವನಿಗೆ ಇನ್ನೂ ನಾಲ್ಕೇ ನಕ್ಷತ್ರ. ಒಂದೇ ವಾರ, ಮೂರನೆಯ ಇಯತ್ತೆಯವರು ಒಂದನೆಯವರ ನೀರಿನ ಬಾಟಲಿ ತುಂಬಿಕೊಡಲಿ, ನಾನೂ ಬಂದು ನಿಲ್ಲುತ್ತೇನೆ ಎಂದು ಕೇಳಿಕೊಂಡಿದ್ದೇನೆ. ಗುರುವಾರ ಬನ್ನಿ ಎಂದಿದ್ದಾರೆ.